ನೀರು ಸೋಸುತ್ತಿದ್ದ ವಕೀಲಬಾಯಿ

ಇವತ್ತು ನಮ್ಮ ಓಣಿಗೆ ನೀರು ಬಿಡುವ ದಿನ. ವಡಗಾವಿಯಲ್ಲಿ ನೀರಿನ ದಿನವೆಂದರೆ ಬೆಳಕು ಹರಿಯುವ ಮೊದಲೇ ಎಲ್ಲ ಅಂಗಳಗಳಲ್ಲೂ ಕೊಡ, ಬಕೆಟ್ಟುಗಳ ಸಪ್ಪಳ. ನಾನು ಎಂದಿನಂತೆ ಎದ್ದೆ, ಹಾಲು ಒಲೆಯ ಮೇಲಿಟ್ಟೆ, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ನಲ್ಲಿಗೆ ಪೈಪು ಸಿಕ್ಕಿಸಿದೆ. ಹಿಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಮಗ್ಗದ ದೀಪ ಹಾಕಿದರು. ಹಾಲು ಉಕ್ಕುವುದಕ್ಕೂ ಮೊದಲನೆಯ ಮಗ್ಗ ಶುರುವಾಗುವುದಕ್ಕೂ ಸರಿಹೋಯಿತು. ಆಮೇಲೆ ನನ್ನ ಕಿವಿಗೆ ಬಿದ್ದದ್ದು ಪಕ್ಕದ ಮನೆಯ ನೀರು.

ಪಕ್ಕದ ಮನೆಯ ನೀರಿಗೆ ಸಪ್ಪಳವಿರುವುದಿಲ್ಲ. ಆ ನಲ್ಲಿಯ ಬಾಯಿಗೆ ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿರುತ್ತಾರೆ, ನೀರು ಅದರೊಳಗಿಂದ ಮೆತ್ತಗೆ ಇಳಿಯುತ್ತದೆ. ನೀರು ಬಂದದ್ದು ತಿಳಿಯಲೆಂದು ರಾತ್ರಿಯೇ ನಲ್ಲಿ ತಿರುವಿಟ್ಟು ಮಲಗುವುದು ಓಣಿಯ ಎಲ್ಲರ ರೂಢಿ. ಮೊದಲ ಹನಿ ಬಿದ್ದ ಕೂಡಲೇ ಪಕ್ಕದ ಮನೆಯ ಅಕ್ಕಾರು ಎದ್ದು ಬಟ್ಟೆ ಕಟ್ಟುತ್ತಿದ್ದರು. ಇವತ್ತು ನೀರು ಬರಿಯ ಕಲ್ಲಿನ ಮೇಲೆ ಬೀಳುತ್ತಿತ್ತು. ಗೋಡೆಯ ಆಚೆ ಬಗ್ಗಿ ನೋಡಿದೆ. ಬಟ್ಟೆ ತಂತಿಯ ಮೇಲೆ ಒಣಗಿ ಸೆಟೆದು ನಿಂತಿತ್ತು.

"ಅಕ್ಕಾರ, ನೀರು ಬಂತ್ರೀ" ಎಂದು ಎರಡು ಸಲ ಕೂಗಿದೆ.

ಯಜಮಾನರು ಹೋಗಿ ಬಾಗಿಲು ದೂಡಿದರು. ಅಕ್ಕಾರು ಬಲಮಗ್ಗುಲಿಗೆ ಮಲಗಿದ್ದರು, ಅಂಗೈ ಗಲ್ಲದ ಕೆಳಗಿತ್ತು. ದಾರ ಕಟ್ಟಿದ ಕನ್ನಡಕ ದಿಂಬಿನ ಬದಿಯಲ್ಲಿ, ಅದರ ಕೆಳಗೆ ಒಂದು ಫೈಲು. ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೋಗಿದ್ದಾರೆ, ತ್ರಾಸಾಗಿಲ್ಲ ಎಂದರು. ನಾನು ಹೊರಗೆ ಬಂದು ಮೊದಲು ಆ ನಲ್ಲಿಯನ್ನು ಬಂದ್ ಮಾಡಿದೆ. ಆಮೇಲೆ ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಓಣಿಯವರಿಗೆಲ್ಲ ಅವರು ವಕೀಲಬಾಯಿ. ನನಗೆ ಅಕ್ಕಾರು. ನಾನು ಲಗ್ನವಾಗಿ ಈ ಮನೆಗೆ ಬಂದಾಗ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು. ಹಳೆಯ ಜೈನ ಮನೆತನ, ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ತಾರೀಖು ಸಿಗಲಿಲ್ಲ" ಎನ್ನುತ್ತಿದ್ದರು. ದಿನಾ ಮುಂಜಾನೆ ರೈಲಿನಲ್ಲಿ ಖಾನಾಪುರದ ಕೋರ್ಟಿಗೆ ಹೋಗುವುದು, ಸಂಜೆಯ ರೈಲಿಗೆ ಮರಳುವುದು. ಬೆಳಗಾವಿಯಲ್ಲಿ ದೊಡ್ಡ ಕೋರ್ಟು ಇರುವಾಗ ಅಲ್ಲಿಗ್ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅಲ್ಲಿ ಕಕ್ಷಿದಾರರು ನಡೆದುಕೊಂಡು ಬರುತ್ತಾರೆ, ಕಾಲಿಗೆ ಮಣ್ಣು ಹತ್ತಿರುತ್ತದೆ, ಸುಳ್ಳು ಹೇಳುವವರೂ ನೆಲ ನೋಡಿಕೊಂಡು ಹೇಳುತ್ತಾರೆ ಎಂದಿದ್ದರು.

ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುತ್ತಿರಲಿಲ್ಲ. ಚಳಿಗಾಲದಲ್ಲಿ ಮರಳುವ ರೈಲು ದೇಸೂರಿಗೆ ಬರುವಾಗಲೇ ಬಿಸಿಲು ಕೆಂಪಾಗಿರುತ್ತದೆ. ಡಬ್ಬಿ ಬಿಚ್ಚಿ, ಕಿಟಕಿಯ ಹೊರಗೆ ಒಂದು ಕಣ್ಣಿಟ್ಟು, ಎರಡು ಚಪಾತಿ ಮುಗಿಸುತ್ತಿದ್ದರಂತೆ. ಬಾಜೂಕಿನ ಸೀಟಿನ ಮರಾಠಿ ಹೆಂಗಸರು ಸೂರ್ಯ ಇನ್ನೂ ಇದ್ದಾನೆ, ಸಾವಕಾಶ ಉಣ್ಣಿರಿ ಎಂದು ನಗುತ್ತಿದ್ದರಂತೆ. ಅವರ ಹಳೆಯ ಸ್ಕೂಟರು ಆಟೋ ನಗರದ ಗ್ಯಾರೇಜಿನಲ್ಲೇ ಹೆಚ್ಚು ದಿನ ಇರುತ್ತಿತ್ತು. ಒಮ್ಮೆ ಅವರನ್ನು ಕರೆತರಲು ನಾನು ಹೋದಾಗ ಅಡ್ಡ ಹಾಕಿದ ಟಾಯರಿನ ಮೇಲೆ ಕುಳಿತು ಫೈಲು ಓದುತ್ತಿದ್ದರು. ಮೆಕ್ಯಾನಿಕ್ ತನ್ನ ಬಾಡಿಗೆ ತಕರಾರು ಹೇಳುತ್ತ ಸ್ಕೂಟರು ಬಿಚ್ಚುತ್ತಿದ್ದ. ಇವರು ತಲೆ ಎತ್ತದೆಯೇ ಉತ್ತರ ಹೇಳುತ್ತಿದ್ದರು.

ನನ್ನನ್ನು ಅವರು ಹಿಡಿದದ್ದು ಅಕ್ಷರದಿಂದ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ನನ್ನ ಇಂಗ್ಲಿಷು ಮದುವೆಯ ಮೇಲೆ ಬರೀ ಕಿರಾಣಿ ಚೀಟಿಗೆ ಬಂದು ನಿಂತಿತ್ತು. ಅವರ ಕರಡುಗಳನ್ನು ಶುದ್ಧ ಪ್ರತಿ ಮಾಡಿಕೊಡುವ ಕೆಲಸ ನನಗೆ ಬಂತು. ಕೋರ್ಟಿಗೆ ರಜೆಯಿದ್ದ ದಿನ ಮಧ್ಯಾಹ್ನ ಊಟದ ಮೇಲೆ ಅವರ ಮೇಜಿನ ಒಂದು ಬದಿಗೆ ನಾನು ಕೂರುತ್ತಿದ್ದೆ. ಮೊದಲನೆಯ ಅರ್ಜಿಯಲ್ಲಿ ನಾನು ದಯಮಾಡಿ, ಕೃಪೆ ಮಾಡಿ ಎಂದು ಎಷ್ಟು ಕಡೆ ಸೇರಿಸಿದ್ದೆನೋ. ಅವರು ಕೆಂಪು ಪೆನ್ನು ತೆಗೆದರು. "ನಿಮ್ಮ ಸಿಸ್ಟರು ಕಲಿಸಿದ ಪ್ಲೀಜ್ ಎಲ್ಲಾ ತಗಿ ತಂಗಿ. ಇದು ಅರ್ಜಿ, ಲಗ್ನಪತ್ರಿಕಿ ಅಲ್ಲ."

ಖಾನಾಪುರದ ಹತ್ತಿರ ಒಂದು ವಾಡಿ. ನಲವತ್ತೆರಡು ಮನೆ, ಎಲ್ಲಕ್ಕೂ ಸೇರಿ ಒಂದೇ ಬಾವಿ. ಮೇಲಿನ ಬದಿಗೆ ಒಂದು ಕಾರ್ಖಾನೆ ಬಂದ ಮೇಲೆ ಬಾವಿಯ ನೀರು ನಾರತೊಡಗಿತು. ಸಾವಿತ್ರವ್ವ ಎಂಬ ಮುದುಕಿ ಯಾವುದೋ ಹೊಲದ ಕೆಲಸಕ್ಕೆ ಕೋರ್ಟಿಗೆ ಬಂದವಳು ಇವರ ಮುಂದೆ ಬಾವಿಯ ಮಾತು ತೆಗೆದಳು. ಅಕ್ಕಾರು ಅವಳ ಜೊತೆಗೇ ಹೊರಟು ವಾಡಿಗೆ ಹೋದರು. ಬಿಸಿಲಿಗೆ ಬಾಯಾರಿತ್ತು. ಒಂದು ತಂಬಿಗೆ ನೀರು ಕೊಟ್ಟರು. ಇವರು ರೂಢಿಯಂತೆ ಚೀಲದಿಂದ ಬಿಳಿ ಬಟ್ಟೆ ತೆಗೆದು ಸೋಸಿದರು. ಜೈನರಲ್ಲಿ ಇನ್ನೊಂದು ರಿವಾಜಿದೆ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ನೀರು ಹಾಕಿ ತೊಳೆದು ಬಂದ ಬಾವಿಗೇ ಮರಳಿ ಬಿಡುವುದು. ಅವರು ಬಟ್ಟೆ ತಿರುವಿದರು, ನಡುವೆ ಅಂಗೈಯಷ್ಟು ಕಂದು ಕಲೆ. ಆ ಸಂಜೆ ಆ ಬಟ್ಟೆಯನ್ನು ನನ್ನ ಮುಂದೆ ಹಾಸಿದರು.

"ಹೊಳ್ಳಿ ಬಿಡಾಕ ಇದರಾಗ ಜೀವಾನೂ ಉಳದಿಲ್ಲ ತಂಗಿ" ಎಂದರು.

ಹೀಗೆ ಆ ದಾವೆ ಹುಟ್ಟಿತು. ನಲವತ್ತೆರಡು ಮನೆಯವರು ನಲವತ್ತೆರಡು ದಾವೆ ಹಾಕಬೇಕಾಗಿಲ್ಲ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ಎಲ್ಲರ ದೂರು ಒಂದೇ ಆಗಿದ್ದರೆ ಕೋರ್ಟಿನ ಒಪ್ಪಿಗೆ ಪಡೆದು ಒಬ್ಬರು ಎಲ್ಲರ ಪರವಾಗಿ ನಿಲ್ಲಬಹುದು. ಊಟದ ಪಂಕ್ತಿಯಲ್ಲಿ ಒಬ್ಬಳು ಸಾರು ಕೇಳಿದರೆ ಬಡಿಸುವವರು ಎಲ್ಲರ ಎಲೆಗೂ ಹಾಕಿಕೊಂಡು ಹೋಗುವುದಿಲ್ಲವೇ, ಹಾಗೆ. ಸಾವಿತ್ರವ್ವ ಎಲ್ಲರ ಪರವಾಗಿ ನಿಂತಳು. ಸಂಬಂಧಪಟ್ಟವರಿಗೆ ತಿಳಿಯಲೆಂದು ಕನ್ನಡ ಮತ್ತು ಮರಾಠಿ ಪೇಪರುಗಳಲ್ಲಿ ಪ್ರಕಟಣೆ ಬಂತು. ಓದಲು ಬಾರದ ಸಾವಿತ್ರವ್ವ ಅದನ್ನು ಕತ್ತರಿಸಿ ದೇವರ ಜಗಲಿಯ ಮೇಲೆ ಇಟ್ಟುಕೊಂಡಳು.

ಅಕ್ಕಾರ ಕೆಲಸದಲ್ಲಿ ಒಂದು ಹಟವಿತ್ತು. ಹೆಸರು ಒಬ್ಬಳದಿದ್ದರೂ ಪ್ರತಿ ತಾರೀಖಿಗೂ ಎಲ್ಲ ಮನೆಯಿಂದ ಒಬ್ಬೊಬ್ಬರು ಬರಬೇಕು. ಮಾತಾಡುವಂತಿಲ್ಲ, ಕೈ ಮಾಡುವಂತಿಲ್ಲ. ಬಂದು ಕುಳಿತು ನೋಡಬೇಕು. ತಮ್ಮ ನೀರಿನ ಮಾತು ತಮ್ಮ ಕಿವಿಗೆ ಬೀಳಬೇಕು. ಆ ಹೆಂಗಸರು ನಸುಕಿನಲ್ಲೇ ರೊಟ್ಟಿ ಬಡಿದು, ಗಂಟು ಕಟ್ಟಿಕೊಂಡು ನಡೆದು ಬರುತ್ತಿದ್ದರು. ಹಿಡಿಸುವಷ್ಟು ಮಂದಿ ಒಳಗೆ, ಉಳಿದವರು ಪಡಸಾಲೆಯಲ್ಲಿ. ಬೇರೆ ವಕೀಲರು, ಬಾಯಾರ ಭಜನಿ ಮಂಡಳಿ ಬಂತು ನೋಡ್ರಪಾ ಎಂದು ಚಾಷ್ಟಿ ಮಾಡುತ್ತಿದ್ದರಂತೆ. ಇವರು ಮನೆಗೆ ಬಂದು ಅದನ್ನೂ ನಗುತ್ತಲೇ ಹೇಳುತ್ತಿದ್ದರು.

ಕಾರ್ಖಾನೆಯವರಿಗೆ ಆ ದಾವೆ ಖಾನಾಪುರದಲ್ಲಿ ನಡೆಯುವುದು ಬೇಡವಾಗಿತ್ತು. ಬೆಳಗಾವಿಗೆ ವರ್ಗ ಮಾಡಬೇಕೆಂದು ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಿದರು. ತಮ್ಮ ವಕೀಲರು ಬೆಳಗಾವಿಯವರು, ಖಾನಾಪುರ ದೂರ ಎಂಬ ಕಾರಣ. ಆ ಅರ್ಜಿ ನಿಲ್ಲಲಿಲ್ಲ. ಅಕ್ಕಾರ ಉತ್ತರವನ್ನು ಶುದ್ಧ ಪ್ರತಿ ಮಾಡಿದವಳು ನಾನೇ. ಹಾಗಾದರೆ ಒಂದು ಮುಕದ್ದಮೆಯನ್ನು ಯಾವಾಗ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಒಯ್ಯಬಹುದು ಎಂದು ಅವತ್ತು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಬರೇ ದೂರ ಅಂದ್ರ ಆಗೂದಿಲ್ಲ. ಬರೇ ಅಂಜಿಕಿ ಬರ್ತೈತಿ ಅಂದ್ರನೂ ಆಗೂದಿಲ್ಲ. ಇಲ್ಲಿ ನ್ಯಾಯ ಸಿಗೂದಿಲ್ಲ ಅನ್ನೂ ಅಂಜಿಕಿಗೆ ಒಂದು ಆಧಾರ ತೋರಸ್ಬೇಕು. ಅಂಥಾದ್ದು ಅವರ ಕೈಯಾಗ ಏನೂ ಇಲ್ಲ." ಆಮೇಲೆ ಒಂದು ಗುಟುಕು ನೀರು ಕುಡಿದು ಹೇಳಿದರು, "ಸೋಸಿದ್ದನ್ನ ಬಂದ ಬಾವಿಗೇ ಯಾಕ ಬಿಡ್ತೀವಿ ಹೇಳು? ಒಂದು ಬಾವಿ ಜೀವ ಇನ್ನೊಂದು ಬಾವ್ಯಾಗ ಬದುಕೂದಿಲ್ಲ."

ಆ ಆಧಾರವನ್ನು ಕಾರ್ಖಾನೆಯವರ ಕೈಗೆ ಕೊಟ್ಟವಳು ನಾನು.

ಇದನ್ನು ಬರೆಯದೆ ಅಕ್ಕಾರ ಬಗ್ಗೆ ಬೇರೇನು ಬರೆದರೂ ಖರೇ ಆಗುವುದಿಲ್ಲ. ಒಂದು ತಾರೀಖಿಗೆ ಸಾವಿತ್ರವ್ವನೇ ಬರಲಿಲ್ಲ. ಉಡಲು ಹರಿಯದ ಸೀರೆಯಿಲ್ಲ, ದೊಡ್ಡವರ ಮುಂದೆ ಹೆಂಗೆ ನಿಲ್ಲಲಿ ಎಂದಳಂತೆ. ಅಕ್ಕಾರು ಅದನ್ನು ಹೇಳಿಕೊಂಡು ಬೇಜಾರು ಮಾಡಿಕೊಂಡಾಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಒಬ್ಬ ವ್ಯಾಪಾರಿ ಸೆರಗಿನ ಬಣ್ಣ ತುಸು ಗಾಢವಾಯಿತೆಂದು ತಿರುಗಿಸಿದ ಸೀರೆಗಳು ಅಲ್ಲಿದ್ದವು. ಎಲ್ಲವೂ ಎಲೆಹಸಿರು, ಕೆಂಪಂಚು. ಯಜಮಾನರೂ ಹೂಂ ಎಂದರು. ನಮ್ಮ ಕಾನ್ವೆಂಟಿನಲ್ಲಿ ಮಿಲ್ಲಿನ ಮಾಲಕರ ಮಗಳೂ ಅಡಿಗೆಯವಳ ಮಗಳೂ ಒಂದೇ ನೀಲಿ ಲಂಗ ತೊಡುತ್ತಿದ್ದೆವು. ಯಾರನ್ನೂ ಯಾರೂ ಬಟ್ಟೆಯಿಂದ ಅಳೆಯಬಾರದೆಂದೇ ಯೂನಿಫಾರ್ಮ್ ಎಂದು ಸಿಸ್ಟರು ಹೇಳುತ್ತಿದ್ದರು. ನಾನು ಅದನ್ನೇ ಅಕ್ಕಾರಿಗೆ ಹೇಳಿದೆ. ಅವರ ಮುಖ ಅರಳಿತು. ನಲವತ್ತೆರಡು ಸೀರೆಗಳನ್ನು ನಾನೇ ಮಡಚಿ, ಒಂದೊಂದಕ್ಕೂ ಅರಿಷಿಣ ಕುಂಕುಮ ಹಚ್ಚಿ ಕಳಿಸಿದೆ.

ಮುಂದಿನ ತಾರೀಖಿಗೆ ಅವರೆಲ್ಲ ಅದನ್ನೇ ಉಟ್ಟುಕೊಂಡು ಬಂದರು. ಕೆರೆಯ ದಂಡೆಯ ಹುಲ್ಲು ಎದ್ದು ನಡೆದುಬಂದಂಗ ಇತ್ತು ತಂಗಿ ಎಂದು ಅಕ್ಕಾರು ಹೇಳಿದ್ದರು. ಸಾವಿತ್ರವ್ವ ಅವತ್ತು ಎಲ್ಲರಿಗಿಂತ ಮುಂದೆ ನಿಂತಿದ್ದಳಂತೆ.

ಆ ದಿನ ರಸ್ತೆಯ ಆಚೆಯಿಂದ ಯಾರೋ ಫೋನಿನಲ್ಲಿ ಫೋಟೋ ತೆಗೆದಿದ್ದರು.

ಎರಡನೆಯ ಸಲ ವರ್ಗಾವಣೆಯ ಅರ್ಜಿ ಬಂದಾಗ ಅದಕ್ಕೆ ಆ ಫೋಟೋ ಲಗತ್ತಿಸಿತ್ತು. ಸಮವಸ್ತ್ರ ತೊಟ್ಟ ಸಂಘಟಿತ ಗುಂಪು ಪ್ರತಿ ತಾರೀಖಿಗೂ ಕೋರ್ಟನ್ನು ಸುತ್ತುವರಿಯುತ್ತದೆ, ತಮ್ಮ ಸಾಕ್ಷಿಗಳಿಗೆ ಅಲ್ಲಿಗೆ ಬರಲು ಭಯವಾಗುತ್ತಿದೆ ಎಂದು ಬರೆದಿದ್ದರು. ಆ ದಿನ ಬೆಳಗಾವಿಯ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ನಾನೂ ಕುಳಿತಿದ್ದೆ. ಫೋಟೋ ಕೈಯಿಂದ ಕೈಗೆ ಹೋಗುವಾಗ ಅಷ್ಟು ದೂರದಿಂದಲೂ ಆ ಹಸಿರು ನನಗೆ ಕಂಡಿತು. ಕಾರ್ಖಾನೆಯ ವಕೀಲರು ದನಿ ಏರಿಸಲೇ ಇಲ್ಲ. ಇವರಷ್ಟಕ್ಕೇ ಇವರು ಬಂದವರಲ್ಲ, ಈ ಸೀರೆ ಯಾರು ಕೊಡಿಸಿದರು, ಇವರನ್ನು ಯಾರು ಕರೆತಂದರು ಎಂದು ಮಾತ್ರ ಕೇಳಿದರು. ನ್ಯಾಯಾಧೀಶರು ಅಕ್ಕಾರ ಕಡೆ ನೋಡಿದರು. ನಾನು ಎದ್ದು ನಿಲ್ಲಬೇಕೆಂದುಕೊಂಡೆ. ಬೆಂಚಿನ ಅಂಚು ಹಿಡಿದು ಕುಳಿತೇ ಇದ್ದೆ. ಅಕ್ಕಾರು ಹಿಂದೆ ತಿರುಗಿ ನೋಡಲೂ ಇಲ್ಲ. ಉಡಲು ಸೀರೆಯಿಲ್ಲದವರಿಗೆ ಸೀರೆ ಸಿಕ್ಕಿತು ಸ್ವಾಮಿ, ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ ಎಂದರು. ನನ್ನ ಹೆಸರು ಹೇಳಲಿಲ್ಲ.

ಆದೇಶದಲ್ಲಿ ಹೆಂಗಸರ ಮೇಲೆ ತಪ್ಪು ಹೊರಿಸಿರಲಿಲ್ಲ. ಆದರೆ ಎದುರಿನವರ ಆತಂಕಕ್ಕೆ ಆಧಾರವೇ ಇಲ್ಲ ಎನ್ನಲಾಗದು ಎಂದಿತ್ತು. ದಾವೆ ಬೆಳಗಾವಿಗೆ ಬಂತು. ಅವತ್ತು ಸಂಜೆ ಅಕ್ಕಾರು ನಮ್ಮ ಬಾಗಿಲಿಗೆ ಬಂದರು. ನಾನು ಕೊಟ್ಟಿದ್ದ ಅವಲಕ್ಕಿ ಡಬ್ಬಿಯನ್ನು ತೊಳೆದು, ರಿವಾಜಿನಂತೆ ಬರಿದು ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ತಂದಿದ್ದರು. ನಾನು ಡಬ್ಬಿ ತೆಗೆದುಕೊಂಡೆ. ಅವರೇ ಅಂದರು, "ಸೀರಿ ಚಲೋ ಇದ್ವು. ನನಗೂ ನೋಡಿ ಖುಷಿ ಆಗಿತ್ತು. ನೀ ಮನ್ಯಾಗಿನಾಕಿ, ನಿನಗೇನ ಗೊತ್ತು. ನಾ ವಕೀಲಕಿ, ನನಗ ತಿಳೀಬೇಕಿತ್ತು." ಅದರ ನಂತರ ಆ ಮಾತನ್ನು ಎಂದೂ ತೆಗೆಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬೆಳಗಾವಿಯ ಮೊದಲ ತಾರೀಖಿಗೆ ನಲವತ್ತೆರಡು ಮಂದಿಯೂ ರೈಲು ಹತ್ತಿ ಬಂದರು. ತಮ್ಮ ಹಳೆಯ ಹರಕು ಸೀರೆಗಳಲ್ಲಿ ಬಂದರು, ಹಸಿರು ಸೀರೆಯನ್ನು ಕೋರ್ಟಿಗೆ ಉಡಬೇಡಿರಿ ಎಂದು ಅಕ್ಕಾರು ಹೇಳಿದ್ದರು. ನಾನು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ಒಯ್ದಿದ್ದೆ. ಸಂಜೆಯವರೆಗೆ ಕೂತರು, ತಾರೀಖು ಮುಂದೆ ಹೋಯಿತು. ಮುಂದಿನ ಸಲ ಇಪ್ಪತ್ತು ಮಂದಿ. ಆಮೇಲೆ ನಾಟಿಯ ದಿನಗಳು, ಕೂಲಿ ಬಿಡಲಾಗದು, ಎಂಟು ಮಂದಿ. ಆಮೇಲೆ ಸಾವಿತ್ರವ್ವನೂ ಅವಳ ಸೊಸೆಯೂ. ಈ ಮಳೆಗಾಲದಲ್ಲಿ ಸಾವಿತ್ರವ್ವನ ಮಂಡಿ ಹಿಡಿದ ಮೇಲೆ ಅಕ್ಕಾರು ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು. ಎಲ್ಲರ ಪರವಾಗಿ ಒಬ್ಬರು ನಿಲ್ಲಬಹುದು ಎಂದು ಕಾಯದೆಯೇ ಹೇಳುತ್ತದಲ್ಲ, ಮತ್ತೇನು ಎಂದು ನಾನು ಸಮಾಧಾನ ಹೇಳಲು ಹೋದೆ. "ಹೌದವಾ, ಕಾಯದೆ ಹೇಳ್ತೈತಿ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ಖಾನಾಪುರದ ರೈಲನ್ನು ಮಾತ್ರ ಬಿಟ್ಟಿರಲಿಲ್ಲ. ಬೇರೆ ಕೆಲಸವಿಲ್ಲದ ದಿನವೂ ಹೋಗಿ, ವಾಡಿಯ ಕಟ್ಟೆಯ ಮೇಲೆ ಕುಳಿತು, ಹಿಂದಿನ ತಾರೀಖಿಗೆ ಏನಾಯಿತೆಂದು ಎಲ್ಲರನ್ನೂ ಕರೆದು ಓದಿ ಹೇಳಿ ಬರುತ್ತಿದ್ದರು. ದೇಸೂರು ದಾಟುವುದರೊಳಗೆ ಡಬ್ಬಿ ಮುಗಿಸುವುದು ತಪ್ಪಿರಲಿಲ್ಲ.

ಇವತ್ತು ಮುಂಜಾನೆ ನಾನು ಸಾವಿತ್ರವ್ವನ ಸೊಸೆಗೆ ಫೋನು ಮಾಡಿದೆ. ಸುದ್ದಿ ಹೇಳಿದ ಕೂಡಲೇ ಆ ಕಡೆಯಿಂದ ಫೋನು ಕೆಳಗಿಟ್ಟ ಸಪ್ಪಳ ಕೇಳಿಸಿತು.

ಅಕ್ಕಾರ ತಮ್ಮ ಬಂದರು, ಬಸದಿಯವರು ಬಂದರು. ಓಣಿಯ ಮಗ್ಗಗಳೆಲ್ಲ ನಿಂತವು. ನಾವು ನಾಲ್ಕು ಜನ ಹೆಂಗಸರು ಸ್ನಾನ ಮಾಡಿಸಿದೆವು. ಆ ನೀರನ್ನೂ ನಾನು ಅವರ ಬಟ್ಟೆಯಲ್ಲೇ ಸೋಸಿದೆ. ತಿರುವಿ ತೊಳೆಯುವಾಗ ಯಾವ ಬಾವಿಗೆ ಬಿಡಬೇಕೆಂದು ತಿಳಿಯದೆ ನಲ್ಲಿಯ ಕಲ್ಲಿನ ಮೇಲೆಯೇ ಬಿಟ್ಟೆ. ಅವರ ಎಡಗೈಯ ಬೆರಳಿನಲ್ಲಿ ಕೆಂಪು ಮಸಿಯ ಕಲೆ ಇತ್ತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆಮೇಲೆ ಸುಮ್ಮನೆ ಬಿಟ್ಟೆವು.

ಹನ್ನೊಂದರ ಹೊತ್ತಿಗೆ ಓಣಿಯ ತುದಿಯಲ್ಲಿ ಎರಡು ಟೆಂಪೋ ನಿಂತವು. ಓಣಿ ಸಣ್ಣದು, ಒಳಗೆ ಬರುವುದಿಲ್ಲ. ಅಲ್ಲಿಂದ ಅವರು ನಡೆದು ಬಂದರು. ಸೂತಕದ ಮನೆಯ ಮುಂದೆ ನಿಂತಿದ್ದವರು ತಾವಾಗಿಯೇ ಸರಿದು ದಾರಿ ಬಿಟ್ಟರು. ಎಲೆಹಸಿರು, ಕೆಂಪಂಚು. ಅಷ್ಟೂ ಮಂದಿ. ಸೊಸೆಯ ಹೆಗಲು ಹಿಡಿದು ಸಾವಿತ್ರವ್ವ ಎಲ್ಲರಿಗಿಂತ ಮುಂದೆ ಇದ್ದಳು. ಸೀರೆಗಳು ಪೆಟ್ಟಿಗೆಯ ಮಡಿಕೆ ಬಿಡದೆ ಹೊಸವಾಗಿಯೇ ಇದ್ದವು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದುದನ್ನು ಕಂಡು ಸಾವಿತ್ರವ್ವ ತಾನಾಗಿಯೇ ಹೇಳಿದಳು, "ಕೋರ್ಟಿಗಿ ಉಡಬ್ಯಾಡ್ರಿ ಅಂದಿದ್ರು ಬಾಯಾರು. ಇದೇನು ಕೋರ್ಟಲ್ಲಲ್ರೀ."

ಒಳಗೆ ಅವರು ಅಳಲಿಲ್ಲ. ಅಕ್ಕಾರು ಕಲಿಸಿದಂತೆ ಗೋಡೆಗೆ ಸಾಲಾಗಿ ಕುಳಿತರು. ಜಾಗ ಸಾಲದವರು ಪಡಸಾಲೆಯಲ್ಲಿ. ಮಾತಿಲ್ಲ, ಕೈ ಮಾಡುವುದಿಲ್ಲ. ಬರೀ ನೋಡುತ್ತಿದ್ದರು. ಹೆಣ ಎತ್ತುವವರೆಗೂ ಹಾಗೆಯೇ ಇದ್ದರು. ಹೊರಡುವಾಗ ಸಾವಿತ್ರವ್ವ ನನ್ನ ಕೈ ಹಿಡಿದು, ಮುಂದಿನ ತಾರೀಖು ಯಾವಾಗ ಎಂದು ಕೇಳಿದಳು. ಅದು ಅಕ್ಕಾರ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಅಕ್ಷರದಲ್ಲೇ ಇದೆ, ಮುಂದಿನ ಗುರುವಾರ. ಹೇಳಿದೆ. ಅವತ್ತು ಅಲ್ಲಿ ನಿಮ್ಮ ಪರವಾಗಿ ಯಾರು ಎದ್ದು ನಿಲ್ಲುತ್ತಾರೋ ನನಗೆ ಗೊತ್ತಿಲ್ಲ ಎಂದು ಹೇಳಲಾಗಲಿಲ್ಲ. ಅವರ ಹತ್ತಿರ ಕಲಿಯುವ ಹುಡುಗ ವಕೀಲರು ಯಾರೂ ಇರಲಿಲ್ಲ. ದಿಂಬಿನ ಬದಿಯ ಫೈಲನ್ನು ಅವರ ತಮ್ಮ ನನ್ನ ಕೈಗೆ ಕೊಟ್ಟಿದ್ದಾರೆ, ಇದು ನಿಮ್ಮ ಅಕ್ಷರ ಎಂದು. ಅದು ಈಗ ನನ್ನ ಅಡಿಗೆಮನೆಯ ಕಪಾಟಿನಲ್ಲಿ, ಗೋಧಿ ಹಿಟ್ಟಿನ ಡಬ್ಬಿಯ ಮೇಲಿದೆ.

ಸಂಜೆ ಮಗ್ಗಗಳು ಮತ್ತೆ ಒಂದೊಂದಾಗಿ ಶುರುವಾದವು. ನಾನು ಅಂಗಳ ತೊಳೆದು, ತಂತಿಯ ಮೇಲಿನ ಆ ಬಿಳಿ ಬಟ್ಟೆ ತೆಗೆಯುವುದೋ ಬಿಡುವುದೋ ಎಂದು ನಿಂತಿದ್ದೆ. ಎದುರು ಮನೆಗೆ ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದ ಹೆಂಗಸು ಮೆಂತೆ ಸೊಪ್ಪು ಸೋಸುತ್ತ ಕಟ್ಟೆಯ ಮೇಲೆ ಕುಳಿತಿದ್ದಳು. ಕಡ್ಡಿಯಿಂದ ಕಣ್ಣೆತ್ತದೆ ಕೇಳಿದಳು.

"ಮುಂಜಾನೆ ಅಷ್ಟೂ ಮಂದಿ ಒಂದ ನಮೂನಿ ಸೀರಿ ಉಟ್ಕೊಂಡು ಬಂದಿದ್ರಲ್ರೀ ಅಕ್ಕಾ, ಚಂದ ಕಾಣ್ತಿದ್ರು. ಯಾರು ಕರಕೊಂಡು ಬಂದಿದ್ರು ರೀ ಅವರನ್ನ?"